ಜೆಂಟೂನಲ್ಲಿ ಯಾವ ಪ್ಯಾಕೇಜ್ ಮೊದಲು, ಯಾವುದು ಆಮೇಲೆ: ಮಳೆಗಾಲದ ಕರಾವಳಿಗೆ ಒಂದು ಮಾರ್ಗದರ್ಶಿ

ಪ್ರೋಗ್ರಾಮ್‌ಗಳನ್ನು ಸೋರ್ಸ್‌ನಿಂದ ನಮ್ಮ ಮಷೀನಿನಲ್ಲೇ ಕಂಪೈಲ್ ಮಾಡಿ ಕಟ್ಟಿಕೊಳ್ಳುವ ಲಿನಕ್ಸ್ ಜೆಂಟೂ. ಮಂಗಳೂರು, ಉಡುಪಿ ಕಡೆ ಹೊಸದಾಗಿ ಅದನ್ನು ಹಾಕಿಕೊಂಡವರು ಮೊದಲ ದೊಡ್ಡ ಅಪ್‌ಡೇಟ್ ಹೊತ್ತಿಗೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಪಟ್ಟಿಯಲ್ಲಿ ನೂರಿನ್ನೂರು ಪ್ಯಾಕೇಜ್ ಇವೆ, ಯಾವುದನ್ನು ಮೊದಲು ಕಂಪೈಲ್ ಮಾಡಬೇಕು? ಒಂದೊಂದಾಗಿ ಕೈಯಲ್ಲೇ ಹಾಕಬೇಕಾ, ಎಲ್ಲ ಒಟ್ಟಿಗೆ ಬಿಡಬಹುದಾ?

ಒಟ್ಟಿಗೆ ಬಿಡಬಹುದು. ಕ್ರಮ ಹುಡುಕುವುದು ಜೆಂಟೂನಲ್ಲಿ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಮ್ ಆದ ಪೋರ್ಟೇಜ್‌ನ ಕೆಲಸ, ಅದನ್ನು ಅದು ನಮಗಿಂತ ಚೆನ್ನಾಗಿ ಮಾಡುತ್ತದೆ. ಆದರೆ ಪೋರ್ಟೇಜ್‌ಗೆ ಗೊತ್ತಿಲ್ಲದ ವಿಷಯಗಳೂ ಇವೆ. ನಾಳೆ ಬೆಳಿಗ್ಗೆ ನಿಮಗೆ ಬ್ರೌಸರ್ ಬೇಕೇ ಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲ. ಸಂಜೆ ಗುಡುಗು ಶುರುವಾದರೆ ಮನೆಯವರು ಪ್ಲಗ್ ಎಳೆಯುತ್ತಾರೆ ಅನ್ನುವುದೂ ಗೊತ್ತಿಲ್ಲ. ಕ್ರಮವನ್ನು ಅದಕ್ಕೆ ಬಿಟ್ಟು, ಹೊತ್ತನ್ನು ನಾವು ಆರಿಸಬೇಕು. ಕ್ರಮಕ್ಕೇ ಕೈ ಹಾಕಬೇಕಾದ ಜಾಗಗಳು ಕೆಲವೇ ಇವೆ, ಅವುಗಳ ಬಗ್ಗೆಯೂ ಇಲ್ಲಿ ಬರೆದಿದ್ದೇನೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನೇ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ಯೂಸ್, ಮೇಕ್‌ಆಪ್ಟ್ಸ್ ತರಹದ ವೇರಿಯಬಲ್ ಹೆಸರುಗಳು ಮಾತ್ರ ದೊಡ್ಡ ಅಕ್ಷರದಲ್ಲಿರಬೇಕು.

## ಕ್ರಮ ಎಲ್ಲಿಂದ ಬರುತ್ತದೆ

ಪ್ರತಿ ಪ್ಯಾಕೇಜಿಗೂ ಒಂದು ಇಬಿಲ್ಡ್ ಫೈಲ್ ಇರುತ್ತದೆ. ತನಗೆ ಏನೇನು ಬೇಕು ಅಂತ ಪ್ಯಾಕೇಜ್ ಅಲ್ಲಿ ಹೇಳಿಕೊಂಡಿರುತ್ತದೆ. ಬೇಕಾದದ್ದರಲ್ಲಿ ಬಗೆಗಳಿವೆ. ಕಟ್ಟುವಾಗ ಓಡಬೇಕಾದ ಸಾಮಾನುಗಳು, ಅಂದರೆ ಸಿಮೇಕ್, ಮೆಸಾನ್ ಇಂಥವು, ಬಿಡಿಪೆಂಡ್‌ನಲ್ಲಿ ಬರುತ್ತವೆ. ಕಂಪೈಲ್ ಆಗಲು ಬೇಕಾದ ಲೈಬ್ರರಿ, ಹೆಡರ್‌ಗಳು ಡಿಪೆಂಡ್‌ನಲ್ಲಿ. ಪ್ರೋಗ್ರಾಮ್ ಓಡುವಾಗ ಬೇಕಾದದ್ದು ಆರ್‌ಡಿಪೆಂಡ್‌ನಲ್ಲಿ. ಸ್ವಲ್ಪ ತಡವಾಗಿ ಬಂದರೂ ನಡೆಯುತ್ತದೆ ಅನ್ನುವಂಥದ್ದು ಪಿಡಿಪೆಂಡ್‌ನಲ್ಲಿ.

ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಮೊದಲಿನ ಎರಡು ಬಗೆಯವು ಗಟ್ಟಿ ನಿಯಮ: ಅವು ಸಿಸ್ಟಮ್‌ನಲ್ಲಿ ಇಲ್ಲದೆ ಕಂಪೈಲ್ ಶುರುವಾಗುವುದೇ ಇಲ್ಲ. ಓಡುವಾಗ ಬೇಕಾದವನ್ನೂ ಪೋರ್ಟೇಜ್ ಮೊದಲೇ ಹಾಕಲು ನೋಡುತ್ತದೆ, ಆದರೆ ಬೇರೆ ದಾರಿ ಇಲ್ಲದಿದ್ದರೆ ಹಿಂದೆ ಮುಂದೆ ಮಾಡುತ್ತದೆ. ಅಪ್‌ಡೇಟ್ ಸಿಕ್ಕಿಹಾಕಿಕೊಂಡಾಗ ತೊಂದರೆ ಇರುವುದು ಹೆಚ್ಚಾಗಿ ಮೊದಲಿನ ಎರಡರಲ್ಲಿ.

## ಶುರು ಮಾಡುವ ಮುಂಚೆ

ಸಿಂಕ್ ಮಾಡಿ, ಅಂದರೆ ಹೊಸ ಇಬಿಲ್ಡ್‌ಗಳನ್ನು ತರಿಸಿಕೊಳ್ಳಿ, ಆಮೇಲೆ ಸುದ್ದಿ ಓದಿ. ಈ ಎರಡನೆಯದನ್ನು ಬಿಡುವವರು ಜಾಸ್ತಿ. ಪೋರ್ಟೇಜನ್ನು ಓಡಿಸುವ ಕಮಾಂಡ್ ಹೆಸರು ಎಮರ್ಜ್.

ಎಮರ್ಜ್ --ಸಿಂಕ್
ಇಸೆಲೆಕ್ಟ್ ನ್ಯೂಸ್ ರೀಡ್

ಕೈಯಾರೆ ಕ್ರಮ ಪಾಲಿಸಬೇಕಾದ ಅಪ್‌ಡೇಟ್ ಬಂದರೆ ಜೆಂಟೂ ತಂಡ ಅದನ್ನು ಈ ಸುದ್ದಿಯಲ್ಲೇ ತಿಳಿಸುತ್ತದೆ. 2024ರ ಮಾರ್ಚ್‌ನಲ್ಲಿ 23.0 ಪ್ರೊಫೈಲ್ (ಸಿಸ್ಟಮ್‌ನ ಮೂಲ ಸೆಟ್ಟಿಂಗ್‌ಗಳ ಕಟ್ಟು) ಬಂದಾಗ ಹಾಗೆಯೇ ಆಯಿತು. ಪ್ರೊಫೈಲ್ ಬದಲಿಸಿದ ಮೇಲೆ ಮೊದಲು ಬಿನ್‌ಯುಟಿಲ್ಸ್ (ಲಿಂಕರ್ ಇತ್ಯಾದಿ), ಆಮೇಲೆ ಜಿಸಿಸಿ (ಕಂಪೈಲರ್), ಆಮೇಲೆ ಜಿಲಿಬ್‌ಸಿ (ಹೆಚ್ಚುಕಮ್ಮಿ ಎಲ್ಲ ಪ್ರೋಗ್ರಾಮ್‌ಗಳೂ ನೆಚ್ಚುವ ಮೂಲ ಲೈಬ್ರರಿ), ಕೊನೆಗೆ ಇಡೀ ಸಿಸ್ಟಮ್ ಅಂತ ಸುದ್ದಿಯಲ್ಲಿ ಬರೆದಿತ್ತು. ಜಿಸಿಸಿ ಹಾಕುವಾಗ ಪೋರ್ಟೇಜ್ ಜಿಲಿಬ್‌ಸಿಯನ್ನು ಮೊದಲು ಕಟ್ಟಲು ಹೊರಟರೆ ಬಿಡಬೇಡಿ, ನಿಲ್ಲಿಸಿ --ನೋಡೆಪ್ಸ್ ಸೇರಿಸಿ ಅಂತಲೂ ಇತ್ತು. --ನೋಡೆಪ್ಸ್ ಅಂದರೆ ಡಿಪೆಂಡೆನ್ಸಿಗಳನ್ನು ನೋಡಲೇಬೇಡ ಎಂದು ಹೇಳಿದಂತೆ. ಇಂಥ ಲಿಖಿತ ಸೂಚನೆ ಇಲ್ಲದೆ ಅದನ್ನು ಬಳಸಲೇಬೇಡಿ. ಈಗ ಕೆಲಸ ಆದ ಹಾಗೆ ಕಂಡರೂ ಮುಂದೆ ಯಾವುದೋ ಪ್ಯಾಕೇಜ್ ಕಾರಣ ಗೊತ್ತಾಗದೆ ಕೈಕೊಡುತ್ತದೆ.

ಪೋರ್ಟೇಜ್‌ನ ಹೊಸ ಆವೃತ್ತಿ ಇದೆ ಎಂದು ಸಿಂಕ್ ಆದ ಮೇಲೆ ತೋರಿಸಿದರೆ ಅದನ್ನೇ ಮೊದಲು ಹಾಕಿ:

ಎಮರ್ಜ್ --ಒನ್‌ಶಾಟ್ ಸಿಸ್-ಆ್ಯಪ್ಸ್/ಪೋರ್ಟೇಜ್

ಕ್ರಮ ಲೆಕ್ಕ ಹಾಕುವ ಪ್ರೋಗ್ರಾಮೇ ಹಳೆಯದಾಗಿದ್ದರೆ ಹೊಸ ಇಬಿಲ್ಡ್‌ಗಳು ಅದಕ್ಕೆ ಅರ್ಥವಾಗದೆ ಹೋಗಬಹುದು. --ಒನ್‌ಶಾಟ್ ಯಾಕೆ ಅಂದರೆ, ಅದಿಲ್ಲದಿದ್ದರೆ ಪ್ಯಾಕೇಜ್ ಹೆಸರು ವರ್ಲ್ಡ್ ಫೈಲ್ ಸೇರುತ್ತದೆ. ನೀವು ಬೇಕು ಅಂತಲೇ ಹಾಕಿಕೊಂಡವು ಮಾತ್ರ ಆ ಫೈಲಿನಲ್ಲಿರಬೇಕು. ಕ್ರಮ ಸರಿಪಡಿಸಲು ನಡುವೆ ಹಾಕುವ ಯಾವುದೇ ಪ್ಯಾಕೇಜಿಗೂ --ಒನ್‌ಶಾಟ್ ಬಳಸಿ.

## ಪಟ್ಟಿ ಓದಿ

ಎಮರ್ಜ್ --ಪ್ರಿಟೆಂಡ್ --ವರ್ಬೋಸ್ --ಟ್ರೀ --ಅಪ್‌ಡೇಟ್ --ಡೀಪ್ --ನ್ಯೂಯೂಸ್ @ವರ್ಲ್ಡ್

--ಪ್ರಿಟೆಂಡ್ ಇರುವುದರಿಂದ ಏನೂ ಇನ್‌ಸ್ಟಾಲ್ ಆಗುವುದಿಲ್ಲ, ಏನು ಮಾಡಲಿದೆ ಎಂದು ತೋರಿಸುತ್ತದೆ ಅಷ್ಟೆ. --ಟ್ರೀ ಇಲ್ಲದಿದ್ದರೆ ಪಟ್ಟಿ ಮೇಲಿನಿಂದ ಕೆಳಗೆ, ಕಂಪೈಲ್ ಆಗುವ ಕ್ರಮದಲ್ಲೇ ಇರುತ್ತದೆ. --ಟ್ರೀ ಹಾಕಿದರೆ ತಿರುಗಾ ಮುರುಗಾ: ಕೆಳಗಿನದು ಮೊದಲು ಆಗುತ್ತದೆ, ಮತ್ತು ಯಾರಿಗಾಗಿ ಯಾರು ಬಂದರು ಅನ್ನುವುದು ಒಳಸರಿದ ಸಾಲುಗಳಲ್ಲಿ ಕಾಣುತ್ತದೆ. ಎರಡನ್ನೂ ಒಮ್ಮೆ ನೋಡಿ.

ಇಲ್ಲಿ ಐದು ನಿಮಿಷ ಕೂತರೆ ಐದು ಗಂಟೆ ಉಳಿಯಬಹುದು. ನಮಗೆ ಸಂಬಂಧಪಟ್ಟ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕನ್ನಡದ ಭಾಷಾ ಫೈಲ್‌ಗಳು ಬೇಕು ಅಂತ ಪೋರ್ಟೇಜ್‌ನ ಸೆಟ್ಟಿಂಗ್ ಫೈಲ್ ಆದ ಮೇಕ್.ಕಾನ್ಫ್‌ನಲ್ಲಿ ಎಲ್10ಎನ್ ಸಾಲಿಗೆ ಕನ್ನಡದ ಸಂಕೇತವಾದ ಕೆಎನ್ ಸೇರಿಸುತ್ತೇವೆ, ಅಲ್ವಾ? ಭಾಷೆ ಕೂಡ ಒಂದು ಯೂಸ್ ಫ್ಲಾಗ್, ಅಂದರೆ ಪ್ಯಾಕೇಜಿನಲ್ಲಿ ಯಾವ ಸೌಲಭ್ಯ ಬೇಕು, ಯಾವುದು ಬೇಡ ಎಂದು ಆರಿಸುವ ಗುರುತು. ಕ್ರೋಮಿಯಂ ಈಗಾಗಲೇ ಕಟ್ಟಿ ಮುಗಿದಿದ್ದರೆ, ಈ ಒಂದು ಪದ ಸೇರಿಸಿದ್ದಕ್ಕೆ --ನ್ಯೂಯೂಸ್ ಅದನ್ನು ಪೂರ್ತಿ ಮತ್ತೆ ಕಟ್ಟಿಸುತ್ತದೆ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಅದು ಹಲವು ಗಂಟೆಗಳ ಕೆಲಸ. ಲಿಬ್ರೆಆಫೀಸ್‌ಗೆ ಈ ಕಷ್ಟ ಇಲ್ಲ, ಅದರ ಭಾಷಾ ಫೈಲ್‌ಗಳು ಬೇರೆಯೇ ಸಣ್ಣ ಪ್ಯಾಕೇಜ್ ಆಗಿವೆ. ಹಾಗಾಗಿ ಎಲ್10ಎನ್ ಮತ್ತು ಯೂಸ್ ಫ್ಲಾಗ್‌ಗಳ ಎಲ್ಲ ಬದಲಾವಣೆಯನ್ನೂ ದೊಡ್ಡ ಕಂಪೈಲ್‌ಗೆ ಮುಂಚೆ ಮುಗಿಸಿಬಿಡಿ.

ಇನ್ನೊಂದು ಉಪಾಯವೂ ಇಲ್ಲೇ ಇದೆ. ಕೆಲವು ಪ್ಯಾಕೇಜ್‌ಗಳು ಇದಾದರೂ ಸರಿ ಅದಾದರೂ ಸರಿ ಅಂತ ಕೇಳುತ್ತವೆ. ಫೈರ್‌ಫಾಕ್ಸ್ ಕಟ್ಟಲು ರಸ್ಟ್ ಬೇಕು, ಆದರೆ ರಸ್ಟ್ ಆಗಬಹುದು, ಮೊದಲೇ ಕಂಪೈಲ್ ಆಗಿ ಬರುವ ರಸ್ಟ್-ಬಿನ್ ಕೂಡ ಆಗಬಹುದು. ಇಂಥ ಕಡೆ ಪೋರ್ಟೇಜ್ ಸಿಸ್ಟಮ್‌ನಲ್ಲಿ ಆಗಲೇ ಇರುವುದರ ಕಡೆಗೆ ವಾಲುತ್ತದೆ. ರಸ್ಟ್-ಬಿನ್ ಅನ್ನು --ಒನ್‌ಶಾಟ್‌ನಲ್ಲಿ ಮುಂಚೆಯೇ ಹಾಕಿ, ಪಟ್ಟಿಯನ್ನು ಇನ್ನೊಮ್ಮೆ ನೋಡಿ. ರಸ್ಟ್ ಕಟ್ಟುವ ಸಾಲು ಮಾಯವಾಗಿದ್ದರೆ ಅಷ್ಟು ಹೊತ್ತು ಉಳಿಯಿತು.

ಪಟ್ಟಿ ಸರಿ ಕಂಡಿತಾ? ಹಾಗಾದರೆ ಸೋರ್ಸ್ ಫೈಲ್‌ಗಳನ್ನು ಮೊದಲು ಇಳಿಸಿಕೊಳ್ಳಿ. ಅದೇ ಕಮಾಂಡ್‌ನಲ್ಲಿ --ಪ್ರಿಟೆಂಡ್ ತೆಗೆದು --ಫೆಚ್‌ಓನ್ಲಿ ಹಾಕಿದರೆ ಸಾಕು. ಮಳೆಗೆ ಇಂಟರ್ನೆಟ್ ಲೈನ್ ಹೋದರೂ ಕಂಪೈಲ್ ನಿಲ್ಲಬಾರದು.

## ಒಟ್ಟಿಗೆ ಎಷ್ಟು ನಡೆಯಬೇಕು

ಎರಡು ಸಂಖ್ಯೆಗಳಿವೆ, ಹೊಸಬರು ಇವನ್ನು ಗೊಂದಲ ಮಾಡಿಕೊಳ್ಳುತ್ತಾರೆ. ಮೇಕ್.ಕಾನ್ಫ್‌ನ ಮೇಕ್‌ಆಪ್ಟ್ಸ್ ಒಂದು ಪ್ಯಾಕೇಜಿನೊಳಗೆ ಎಷ್ಟು ಕೆಲಸ ಒಟ್ಟಿಗೆ ನಡೆಯಬೇಕು ಎಂದು ಹೇಳುತ್ತದೆ. ಎಮರ್ಜ್‌ನ --ಜಾಬ್ಸ್ ಎಷ್ಟು ಪ್ಯಾಕೇಜ್ ಒಟ್ಟಿಗೆ ಕಟ್ಟಬೇಕು ಎಂದು ಹೇಳುತ್ತದೆ. ಒಂದಕ್ಕೊಂದು ಸಂಬಂಧ ಇಲ್ಲದ ಪ್ಯಾಕೇಜ್‌ಗಳನ್ನಷ್ಟೇ ಪೋರ್ಟೇಜ್ ಜೊತೆಯಾಗಿ ಶುರು ಮಾಡುವುದರಿಂದ ಕ್ರಮ ಕೆಡುವುದಿಲ್ಲ. ಆದರೆ ಎರಡು ಸಂಖ್ಯೆಗಳು ಗುಣಾಕಾರ ಆಗುತ್ತವೆ. --ಜಾಬ್ಸ್ 3, ಮೇಕ್‌ಆಪ್ಟ್ಸ್ 4 ಇದ್ದರೆ 12 ಕಂಪೈಲರ್‌ಗಳು ಒಮ್ಮೆಲೇ ಓಡಬಹುದು.

ಪ್ರತಿ ಕೆಲಸಕ್ಕೆ 2 ಜಿಬಿ ರ‍್ಯಾಮ್ ಅಂತ ಲೆಕ್ಕ ಇಟ್ಟುಕೊಳ್ಳಿ. 8 ಜಿಬಿ ಲ್ಯಾಪ್‌ಟಾಪ್‌ಗೆ ಮೇಕ್‌ಆಪ್ಟ್ಸ್ 4 ಸಾಕು, ಪ್ರೊಸೆಸರ್‌ಗೆ 12 ಥ್ರೆಡ್ ಇದ್ದರೂ ಅಷ್ಟೇ. ಬೇರೆಯವರ ಮೇಕ್.ಕಾನ್ಫ್ ನೋಡಿ 16 ಅಂತ ಬರೆದರೆ ರ‍್ಯಾಮ್ ತುಂಬಿ ಸ್ವಾಪ್‌ಗೆ ಇಳಿಯುತ್ತದೆ. ಆಮೇಲೆ ಕಂಪೈಲರ್ ನಡುವೆಯೇ ಸಾಯುತ್ತದೆ. ಬರುವ ಎರರ್ ಕೂಡ ರ‍್ಯಾಮ್ ಸಾಲದು ಎಂದು ನೇರವಾಗಿ ಹೇಳುವುದಿಲ್ಲ, ಜನ ಸುಮ್ನೆ ಇಬಿಲ್ಡ್‌ನಲ್ಲಿ ತಪ್ಪು ಹುಡುಕುತ್ತಾರೆ. --ಜಾಬ್ಸ್ ಬಳಸುವುದಾದರೆ ಜೊತೆಗೆ --ಲೋಡ್-ಆವರೇಜ್ ಕೂಡ ಕೊಡಿ. ಲೋಡ್ ಮಿತಿ ದಾಟಿದಾಗ ಪೋರ್ಟೇಜ್ ಹೊಸ ಪ್ಯಾಕೇಜ್ ಶುರು ಮಾಡದೆ ಕಾಯುತ್ತದೆ.

ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಇನ್ನೊಂದು ಮಾತು. ಲ್ಯಾಪ್‌ಟಾಪ್ ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗ ಜಾಬ್ ಸಂಖ್ಯೆ ಏರಿಸಿದರೂ ಪ್ರಯೋಜನ ಕಡಿಮೆ. ಫ್ಯಾನ್ ಕೆಳಗಿಟ್ಟು ರಾತ್ರಿ ಓಡಿಸುವುದು ಒಳ್ಳೆಯದು.

## ದೊಡ್ಡವನ್ನು ಬೇರೆ ಇಡಿ

ಕ್ರೋಮಿಯಂ, ಕ್ಯೂಟಿ-ವೆಬ್‌ಎಂಜಿನ್, ವೆಬ್‌ಕಿಟ್-ಜಿಟಿಕೆ, ಎಲ್ಎಲ್‌ವಿಎಂ, ಲಿಬ್ರೆಆಫೀಸ್. ಹೊತ್ತು ತಿನ್ನುವವು ಮುಖ್ಯವಾಗಿ ಇವು. ನಿಮ್ಮದೇ ಮಷೀನಿನಲ್ಲಿ ಹಿಂದಿನ ಸಲ ಎಷ್ಟು ಹೊತ್ತು ಹಿಡಿಯಿತು ಎಂದು ಕ್ಯೂಲಾಪ್ ತೋರಿಸುತ್ತದೆ:

ಕ್ಯೂಲಾಪ್ --ಟೈಮ್ ಕ್ರೋಮಿಯಂ

ಎಮರ್ಜ್‌ನ --ಪ್ರಿಟೆಂಡ್ ಪಟ್ಟಿಯನ್ನು ಪೈಪ್ ಮಾಡಿ ಜೆನ್‌ಲಾಪ್ --ಪ್ರಿಟೆಂಡ್‌ಗೆ ಕೊಟ್ಟರೆ ಅದು ಒಟ್ಟು ಅಂದಾಜನ್ನೇ ಕೂಡಿಸಿ ಹೇಳುತ್ತದೆ. ಬೇರೆಯವರ ಅಂಕಿ ನಂಬಬೇಡಿ, ನಿಮ್ಮ ಲಾಗ್ ನಂಬಿ.

ಈಗ ಅಪ್‌ಡೇಟ್ ಅನ್ನು ಎರಡು ಭಾಗ ಮಾಡಿ. ಹಗಲಿಗೆ ಸಣ್ಣವು:

ಎಮರ್ಜ್ --ಆಸ್ಕ್ --ಅಪ್‌ಡೇಟ್ --ಡೀಪ್ --ನ್ಯೂಯೂಸ್ --ಕೀಪ್-ಗೋಯಿಂಗ್ --ಎಕ್ಸ್‌ಕ್ಲೂಡ್ ಕ್ರೋಮಿಯಂ @ವರ್ಲ್ಡ್

ರಾತ್ರಿಗೆ --ಎಕ್ಸ್‌ಕ್ಲೂಡ್ ತೆಗೆದು ಅದೇ ಕಮಾಂಡ್. ಎಲ್ಲ ಸಲವೂ ಹೀಗೆ ಬೇರ್ಪಡಿಸಲು ಆಗುವುದಿಲ್ಲ. ಒಂದು ಲೈಬ್ರರಿಯ ಆವೃತ್ತಿ ಬದಲಾಗಿ ಅದನ್ನು ನೆಚ್ಚಿಕೊಂಡವು ಎಲ್ಲ ಒಟ್ಟಿಗೆ ಮತ್ತೆ ಕಟ್ಟಬೇಕಾದಾಗ, ಒಂದನ್ನು ಹೊರಗಿಟ್ಟರೆ ಪೋರ್ಟೇಜ್ ಕಾನ್‌ಫ್ಲಿಕ್ಟ್ ತೋರಿಸುತ್ತದೆ. ಆಗ ಹಠ ಮಾಡಬೇಡಿ, ಒಟ್ಟಿಗೇ ಬಿಡಿ.

--ಕೀಪ್-ಗೋಯಿಂಗ್ ಬಗ್ಗೆ ಒಂದು ಮಾತು. ಒಂದು ಪ್ಯಾಕೇಜ್ ಕೆಟ್ಟರೆ ಪೋರ್ಟೇಜ್ ಅದನ್ನೂ ಅದನ್ನು ನಂಬಿಕೊಂಡವನ್ನೂ ಬಿಟ್ಟು, ಲೆಕ್ಕ ಮತ್ತೆ ಹಾಕಿ, ಉಳಿದವನ್ನು ಮುಂದುವರಿಸುತ್ತದೆ. ರಾತ್ರಿ ಮಲಗುವ ಮುಂಚೆ ಇದು ಬೇಕೇ ಬೇಕು. ಆದರೆ ಬೆಳಿಗ್ಗೆ ಎದ್ದು ಕೊನೆಯಲ್ಲಿ ಬಿಟ್ಟುಹೋದವುಗಳ ಪಟ್ಟಿ ಓದಲೇಬೇಕು.

ದೊಡ್ಡ ಪ್ಯಾಕೇಜಿಗೆ ಮಾತ್ರ ಜಾಬ್ ಸಂಖ್ಯೆ ಇಳಿಸುವುದೂ ಸುಲಭ. /ಇಟಿಸಿ/ಪೋರ್ಟೇಜ್/ಎನ್ವ್ ಫೋಲ್ಡರ್‌ನಲ್ಲಿ ಒಂದು ಸಣ್ಣ ಫೈಲ್ ಮಾಡಿ, ಅದರಲ್ಲಿ ಮೇಕ್‌ಆಪ್ಟ್ಸ್ 2 ಅಂತ ಬರೆಯಿರಿ. ಆಮೇಲೆ ಪ್ಯಾಕೇಜ್.ಎನ್ವ್ ಫೈಲ್‌ನಲ್ಲಿ ಪ್ಯಾಕೇಜ್ ಹೆಸರು, ಅದರ ಪಕ್ಕ ಈ ಫೈಲಿನ ಹೆಸರು. ಉಳಿದ ಪ್ಯಾಕೇಜ್‌ಗಳು ಮೊದಲಿನ ವೇಗದಲ್ಲೇ ಕಟ್ಟುತ್ತವೆ.

ದೊಡ್ಡವನ್ನು ಕಂಪೈಲ್ ಮಾಡಲೇಬೇಕು ಅಂತಲೂ ಇಲ್ಲ. 2023ರ ಡಿಸೆಂಬರ್ 29ರಂದು ಜೆಂಟೂ ತನ್ನದೇ ಬೈನರಿ ಪ್ಯಾಕೇಜ್‌ಗಳನ್ನು ಎಲ್ಲರಿಗೂ ಕೊಡಲು ಶುರು ಮಾಡಿತು. --ಗೆಟ್‌ಬಿನ್‌ಪಿಕೆಜಿ ಹಾಕಿದರೆ, ನಿಮ್ಮ ಯೂಸ್ ಫ್ಲಾಗ್‌ಗಳಿಗೆ ಹೊಂದುವ ಬೈನರಿ ಇದ್ದಾಗ ಅದನ್ನೇ ತರುತ್ತದೆ, ಇಲ್ಲದಿದ್ದರೆ ಕಟ್ಟುತ್ತದೆ. ಸೋರ್ಸ್‌ನಿಂದ ಕಟ್ಟುವ ಖುಷಿ ನನಗೂ ಗೊತ್ತು. ಆದರೂ ಲಿಬ್ರೆಆಫೀಸ್‌ನ ಯಾವ ಫ್ಲಾಗನ್ನೂ ನೀವು ಬದಲಿಸಿಲ್ಲ ಅಂದರೆ ಅದನ್ನು ಮನೆಯಲ್ಲಿ ಕಟ್ಟಿ ಸಿಗುವುದು ಹೆಚ್ಚೇನೂ ಇಲ್ಲ.

## ಕರೆಂಟ್ ಹೋದರೆ

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕ್ರಮ ಮಾಡಲಾಗದು. ಅದಕ್ಕೂ ಮುಂಚೆ ಮೇ ತಿಂಗಳ ಸಂಜೆಗಳು, ಮಳೆ ಹಿಂದೆ ಸರಿಯುವ ಅಕ್ಟೋಬರ್ ಸಂಜೆಗಳು ಸಿಡಿಲಿನ ಹೊತ್ತು.

ಇನ್‌ಸ್ಟಾಲ್ ಆಗಿ ಮುಗಿದ ಪ್ಯಾಕೇಜ್‌ಗಳಿಗೆ ಏನೂ ಆಗುವುದಿಲ್ಲ. ಹೋಗುವುದು ಅರ್ಧಕ್ಕೆ ನಿಂತ ಒಂದರ ಕೆಲಸ. ಕಂಪೈಲ್ ಜಾಗವಾದ /ವರ್/ಟಿಎಂಪಿ/ಪೋರ್ಟೇಜ್ ಅನ್ನು ವೇಗಕ್ಕಾಗಿ ರ‍್ಯಾಮ್‌ನಲ್ಲಿ, ಅಂದರೆ ಟಿಎಂಪಿಎಫ್‌ಎಸ್‌ನಲ್ಲಿ ಇಡುವವರಿದ್ದಾರೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗೆ ಮಳೆಗಾಲದಲ್ಲಿ ಅದು ಬೇಡ. ಡಿಸ್ಕ್‌ನಲ್ಲೇ ಇರಲಿ. ಫೀಚರ್ಸ್ ಸಾಲಿಗೆ ಕೀಪ್‌ವರ್ಕ್ ಸೇರಿಸಿದರೆ ಅರ್ಧಕ್ಕೆ ನಿಂತ ಪ್ಯಾಕೇಜಿನ ಫೋಲ್ಡರನ್ನು ಪೋರ್ಟೇಜ್ ಅಳಿಸುವುದಿಲ್ಲ. ಅದು ಡಿಸ್ಕ್ ತುಂಬಿಸುತ್ತದೆ, ಆದ್ದರಿಂದ ಕ್ರೋಮಿಯಂನಂಥ ಒಂದೆರಡಕ್ಕೆ ಮಾತ್ರ ಪ್ಯಾಕೇಜ್.ಎನ್ವ್ ಮೂಲಕ ಹಾಕಿ, ಕೆಲಸ ಮುಗಿದ ಮೇಲೆ ಫೋಲ್ಡರ್ ಅಳಿಸಿ.

ಕರೆಂಟ್ ಬಂದ ಮೇಲೆ:

ಎಮರ್ಜ್ --ರೆಸ್ಯೂಮ್

ಉಳಿದ ಪಟ್ಟಿ ಪೋರ್ಟೇಜ್‌ನ ನೆನಪಿನಲ್ಲಿರುತ್ತದೆ, ಅದೇ ಕ್ರಮದಲ್ಲಿ ಮುಂದುವರಿಯುತ್ತದೆ. ಇದಕ್ಕೂ ಮುಂಚೆ ಬೇರೆ ಎಮರ್ಜ್ ಓಡಿಸಬೇಡಿ. ನಡುವೆ ಸಿಂಕ್ ಮಾಡಿದ್ದರೆ --ರೆಸ್ಯೂಮ್ ಬಿಟ್ಟು ಮೂಲ ಅಪ್‌ಡೇಟ್ ಕಮಾಂಡನ್ನೇ ಮತ್ತೆ ಕೊಡಿ. ಮುಗಿದವು ಪಟ್ಟಿಯಲ್ಲಿ ಬರುವುದಿಲ್ಲ, ಹೊಸ ಲೆಕ್ಕವೂ ಸರಿಯಾಗಿರುತ್ತದೆ. ಒಂದು ಪ್ಯಾಕೇಜ್ ಪ್ರತಿ ಸಲ ಕೆಡುತ್ತಿದ್ದರೆ --ರೆಸ್ಯೂಮ್ ಜೊತೆ --ಸ್ಕಿಪ್‌ಫಸ್ಟ್ ಕೊಟ್ಟು ಅದನ್ನು ದಾಟಬಹುದು.

ನಿಜವಾದ ಅಪಾಯ ಕಂಪೈಲ್ ಹಂತದಲ್ಲಿ ಇಲ್ಲ. ಕಟ್ಟಿದ್ದನ್ನು ಸಿಸ್ಟಮ್‌ಗೆ ಕಾಪಿ ಮಾಡುವ ಸಣ್ಣ ಗಳಿಗೆಯಲ್ಲಿದೆ. ಅದರಲ್ಲೂ ಜಿಲಿಬ್‌ಸಿ. ಅದು ಅರ್ಧಕ್ಕೆ ನಿಂತರೆ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕೂಡ ಓಡದೆ ಹೋಗಬಹುದು. ಜಿಲಿಬ್‌ಸಿ, ಜಿಸಿಸಿ ಪಟ್ಟಿಯಲ್ಲಿದ್ದರೆ ಅವನ್ನು ಬೆಳಗಿನ ಹೊತ್ತಿಗೆ, ಬ್ಯಾಟರಿ ತುಂಬಿರುವಾಗ ಇಡಿ. ಜೆಂಟೂ ಲೈವ್ ಪೆನ್‌ಡ್ರೈವ್ ಒಂದು ಮನೆಯಲ್ಲಿರಲಿ.

## ಸುತ್ತು ಬಿದ್ದಾಗ

'ಅ' ಪ್ಯಾಕೇಜ್ ಕಟ್ಟಲು 'ಆ' ಬೇಕು, 'ಆ' ಕಟ್ಟಲು 'ಅ' ಬೇಕು. ಸರ್ಕ್ಯುಲರ್ ಡಿಪೆಂಡೆನ್ಸಿ ಎಂದು ಪೋರ್ಟೇಜ್ ಕೈಚೆಲ್ಲುವುದು ಇಲ್ಲೇ. ಕ್ರಮಕ್ಕೆ ನಾವೇ ಕೈ ಹಾಕಬೇಕಾದ ಮುಖ್ಯ ಜಾಗ ಇದು.

ಬಹಳ ಹಳೆಯ, ಎಲ್ಲರಿಗೂ ಪರಿಚಯದ ಉದಾಹರಣೆ ಫ್ರೀಟೈಪ್ ಮತ್ತು ಹಾರ್ಫ್‌ಬಝ್. ಕನ್ನಡ ಓದುವವರಿಗೆ ಈ ಎರಡೂ ಬೇಕು. ಅಕ್ಷರದ ಆಕಾರವನ್ನು ಪರದೆ ಮೇಲೆ ಬಿಡಿಸುವುದು ಫ್ರೀಟೈಪ್. ಯಾವ ಒತ್ತು ಎಲ್ಲಿ ಕೂರಬೇಕು, ಗುಣಿತ ಹೇಗೆ ಸೇರಬೇಕು ಎಂದು ತೀರ್ಮಾನಿಸುವುದು ಹಾರ್ಫ್‌ಬಝ್. ಅದು ಸರಿ ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಫ್ರೀಟೈಪ್‌ನಲ್ಲಿ ಹಾರ್ಫ್‌ಬಝ್ ಎಂಬ ಯೂಸ್ ಫ್ಲಾಗ್ ಇದೆ, ಹಾರ್ಫ್‌ಬಝ್‌ನಲ್ಲಿ ಟ್ರೂಟೈಪ್ ಎಂಬ ಫ್ಲಾಗ್ ಇದ್ದು ಅದಕ್ಕೆ ಫ್ರೀಟೈಪ್ ಬೇಕು. ಹೊಸ ಇನ್‌ಸ್ಟಾಲ್‌ನಲ್ಲಿ ಎರಡೂ ಇರುವುದಿಲ್ಲ, ಹಾಗಾಗಿ ಯಾವುದನ್ನೂ ಶುರು ಮಾಡಲಾಗುವುದಿಲ್ಲ.

ಬಿಡಿಸುವುದು ಹೀಗೆ. ಮೊದಲು ಒಂದನ್ನು ಆ ಫ್ಲಾಗ್ ಇಲ್ಲದೆ ಕಟ್ಟಿ:

ಯೂಸ್="-ಹಾರ್ಫ್‌ಬಝ್" ಎಮರ್ಜ್ --ಒನ್‌ಶಾಟ್ ಮೀಡಿಯಾ-ಲಿಬ್ಸ್/ಫ್ರೀಟೈಪ್

ಈಗ ಹಾರ್ಫ್‌ಬಝ್‌ಗೆ ಬೇಕಾದ ಫ್ರೀಟೈಪ್ ಬಂತು:

ಎಮರ್ಜ್ --ಒನ್‌ಶಾಟ್ ಮೀಡಿಯಾ-ಲಿಬ್ಸ್/ಹಾರ್ಫ್‌ಬಝ್

ಕೊನೆಗೆ ಫ್ಲಾಗ್ ಸಹಿತ ಫ್ರೀಟೈಪ್ ಮತ್ತೊಮ್ಮೆ:

ಎಮರ್ಜ್ --ಒನ್‌ಶಾಟ್ ಮೀಡಿಯಾ-ಲಿಬ್ಸ್/ಫ್ರೀಟೈಪ್

ಕೊನೆಯ ಹೆಜ್ಜೆ ಮರೆತರೂ --ನ್ಯೂಯೂಸ್ ಇರುವ ಮುಂದಿನ ಅಪ್‌ಡೇಟ್ ಅದನ್ನು ಹಿಡಿಯುತ್ತದೆ. ಆದರೆ ಕಮಾಂಡ್ ಸಾಲಿನಲ್ಲಿ ಕೊಟ್ಟ ಯೂಸ್ ಆ ಓಟದಲ್ಲಿ ಕಟ್ಟುವ ಎಲ್ಲ ಪ್ಯಾಕೇಜಿಗೂ ಅನ್ವಯ ಆಗುತ್ತದೆ. ಅದಕ್ಕೇ @ವರ್ಲ್ಡ್ ಜೊತೆ ಹೀಗೆ ಮಾಡಬೇಡಿ, ಒಂದು ಪ್ಯಾಕೇಜಿನ ಹೆಸರು ಮಾತ್ರ ಕೊಡಿ.

ಬೇರೆ ಸುತ್ತುಗಳಿಗೂ ಇದೇ ದಾರಿ. ಲಿಬ್‌ವೆಬ್‌ಪಿ ಮತ್ತು ಟಿಫ್ ಇನ್ನೊಂದು ಜೋಡಿ. ಎರರ್ ಸಂದೇಶದ ಕೊನೆಯಲ್ಲಿ ಯಾವ ಫ್ಲಾಗ್ ಬದಲಿಸಿದರೆ ಸುತ್ತು ಬಿಡಬಹುದು ಎಂದು ಪೋರ್ಟೇಜ್ ತಾನೇ ಸೂಚಿಸುತ್ತದೆ. ಅದನ್ನು ಓದದೆ ಗೂಗಲ್ ಮಾಡಲು ಹೋಗಬೇಡಿ. ಸೂಚಿಸಿದ್ದರಲ್ಲಿ ಕಟ್ಟಲು ಕಡಿಮೆ ಹೊತ್ತು ಹಿಡಿಯುವ ಪ್ಯಾಕೇಜನ್ನು ಆರಿಸಿ, ಯಾಕೆಂದರೆ ಅದನ್ನೇ ಎರಡು ಸಲ ಕಟ್ಟಬೇಕಲ್ಲ.

## ಪೋರ್ಟೇಜೇ ಇಲ್ಲದವರಿಗೆ

ಲಿನಕ್ಸ್ ಫ್ರಮ್ ಸ್ಕ್ರಾಚ್, ಅಂದರೆ ಪುಸ್ತಕ ನೋಡಿಕೊಂಡು ಇಡೀ ಲಿನಕ್ಸ್ ಅನ್ನು ಕೈಯಾರೆ ಕಟ್ಟುವವರಿಗೆ ಕ್ರಮ ಹುಡುಕಿಕೊಡುವ ಪ್ರೋಗ್ರಾಮ್ ಇಲ್ಲ. ಅದರ ಪುಸ್ತಕದ ಕ್ರಮವನ್ನು ಹಾಗೆಯೇ ಪಾಲಿಸಬೇಕು. ಶುರುವಿನಲ್ಲಿ ಬಿನ್‌ಯುಟಿಲ್ಸ್, ಜಿಸಿಸಿ, ಲಿನಕ್ಸ್ ಹೆಡರ್‌ಗಳು, ಜಿಲಿಬ್‌ಸಿ, ಲಿಬ್‌ಎಸ್‌ಟಿಡಿಸಿ++ ಅಂತ ಬರುತ್ತದೆ. ಜಿಸಿಸಿ, ಬಿನ್‌ಯುಟಿಲ್ಸ್ ಮತ್ತೆ ಎರಡನೆಯ ಸುತ್ತಿನಲ್ಲೂ ಬರುತ್ತವೆ. ಜಿಲಿಬ್‌ಸಿ ಕಟ್ಟಲು ಕಂಪೈಲರ್ ಬೇಕು, ಪೂರ್ಣ ಕಂಪೈಲರ್‌ಗೆ ಜಿಲಿಬ್‌ಸಿ ಬೇಕು. ಫ್ರೀಟೈಪ್‌ನಲ್ಲಿ ಮಾಡಿದ್ದೇ ಇಲ್ಲೂ: ಮೊದಲು ಕಡಿಮೆ ಸೌಲಭ್ಯದ್ದು, ಆಮೇಲೆ ಪೂರ್ತಿಯದು. ಪುಸ್ತಕ ಹೊತ್ತನ್ನು ಎಸ್‌ಬಿಯುನಲ್ಲಿ ಅಳೆಯುತ್ತದೆ. ನಿಮ್ಮ ಮಷೀನಿನಲ್ಲಿ ಮೊದಲ ಬಿನ್‌ಯುಟಿಲ್ಸ್‌ಗೆ ಹಿಡಿದ ಹೊತ್ತು 1 ಎಸ್‌ಬಿಯು. ಅದನ್ನು ಬರೆದಿಟ್ಟುಕೊಂಡರೆ ಯಾವುದನ್ನು ರಾತ್ರಿಗೆ ಬಿಡಬೇಕು ಎಂದು ಮುಂಚೆಯೇ ಗೊತ್ತಾಗುತ್ತದೆ.

ಅದರಾಚೆಗೆ ನಿಮ್ಮದೇ ಪಟ್ಟಿ ಮಾಡುವಾಗ ಟಿಸಾರ್ಟ್ ನೆರವಿಗೆ ಬರುತ್ತದೆ. ಗ್ನೂ ಕೋರ್‌ಯುಟಿಲ್ಸ್ ಜೊತೆಗೇ ಬರುವ ಕಮಾಂಡ್ ಇದು. ಒಂದು ಫೈಲಿನಲ್ಲಿ ಸಾಲಿಗೊಂದು ಜೋಡಿ ಬರೆಯಿರಿ, ಮೊದಲು ಬೇಕಾದದ್ದು ಎಡಕ್ಕೆ:

ಫ್ರೀಟೈಪ್ ಹಾರ್ಫ್‌ಬಝ್
ಹಾರ್ಫ್‌ಬಝ್ ಪ್ಯಾಂಗೋ
ಕೈರೋ ಪ್ಯಾಂಗೋ
ಪ್ಯಾಂಗೋ ಜಿಟಿಕೆ

ಆ ಫೈಲನ್ನು ಟಿಸಾರ್ಟ್‌ಗೆ ಕೊಟ್ಟರೆ ಕಟ್ಟುವ ಕ್ರಮ ಸಿಗುತ್ತದೆ. ಸುತ್ತು ಇದ್ದರೆ ಯಾವ ಹೆಸರುಗಳಲ್ಲಿ ಎಂದೂ ಹೇಳುತ್ತದೆ.

## ಮುಗಿದ ಮೇಲೂ ಕ್ರಮ ಇದೆ

ಮೊದಲು ಡಿಸ್ಪ್ಯಾಚ್-ಕಾನ್ಫ್ ಓಡಿಸಿ ಕಾನ್ಫಿಗ್ ಫೈಲ್‌ಗಳ ಬದಲಾವಣೆ ನೋಡಿ. ಆಮೇಲೆ ಹಳೆಯ ಲೈಬ್ರರಿಗಳನ್ನು ಹಿಡಿದುಕೊಂಡಿರುವ ಪ್ಯಾಕೇಜ್‌ಗಳು:

ಎಮರ್ಜ್ @ಪ್ರಿಸರ್ವ್ಡ್-ರೀಬಿಲ್ಡ್

ಬೇಡದವನ್ನು ತೆಗೆಯುವುದು ಎಲ್ಲಕ್ಕಿಂತ ಕೊನೆಗೆ:

ಎಮರ್ಜ್ --ಆಸ್ಕ್ --ಡೆಪ್‌ಕ್ಲೀನ್

ಇದನ್ನು ಅಪ್‌ಡೇಟ್ ಪೂರ್ತಿ ಆಗುವ ಮುಂಚೆ ಮಾಡಬೇಡಿ. ಅರ್ಧ ಆಗಿರುವಾಗ ಡಿಪೆಂಡೆನ್ಸಿ ಲೆಕ್ಕವೇ ಅರ್ಧ ಇರುತ್ತದೆ. ಅದು ಕೊಡುವ ಪಟ್ಟಿಯನ್ನು ಸಾಲು ಸಾಲಾಗಿ ಓದಿ. ಈಗ ಓಡುತ್ತಿರುವ ಕರ್ನಲ್‌ನ ಹೆಸರು ಆ ಪಟ್ಟಿಯಲ್ಲಿದ್ದರೆ ಬೇಡ ಅಂತ ಹೇಳಿ ಹೊರಗೆ ಬನ್ನಿ. ಮೊದಲು ಹೊಸ ಕರ್ನಲ್‌ಗೆ ರೀಬೂಟ್ ಮಾಡಿ, ವೈಫೈ, ಸೌಂಡ್ ಸರಿ ಇದೆಯಾ ನೋಡಿ, ಆಮೇಲೆ --ಡೆಪ್‌ಕ್ಲೀನ್ ಮತ್ತೆ ಓಡಿಸಿ.